ಕೃತಜ್ಞತೆಯ ಪುಟವಿಲ್ಲದ ಪ್ರಬಂಧ

ಎಲ್ಲರ ನಗು ನಿಂತಿತು. ಕೊನೆಯ ಸಾಲಿನಲ್ಲಿ ಕೂತಿದ್ದ ಮೇವಿಸ್‌ಳ ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಪ್ರೊಫೆಸರ್ ಕೊವಾಲ್ಚುಕ್ ಕೇಳಿದ್ದು ಇಷ್ಟೇ: "ಕೃತಜ್ಞತೆಯ ಪುಟವೇ ಇಲ್ವಲ್ಲ ಗ್ರೇಡನ್?"

"ಇರೋದು ನಾನೊಬ್ನೇ ಅಂತ ಅಲ್ವಾ ಮೇಡಂ ನನ್ನ ವಾದ? ಥ್ಯಾಂಕ್ಸ್ ಹೇಳೋದು ಯಾರಿಗೆ?" ಎಂದು ಗ್ರೇಡನ್ ಎಲ್ಲರನ್ನೂ ನಗಿಸಿದ್ದ.

ವಿನ್ನಿಪೆಗ್‌ನ ಈ ತತ್ವಶಾಸ್ತ್ರ ವಿಭಾಗದಲ್ಲಿ ಇಂದು ಗ್ರೇಡನ್‌ನ ಪಿಎಚ್.ಡಿ. ಮೌಖಿಕ ಪರೀಕ್ಷೆ. ತನ್ನದಲ್ಲದೆ ಬೇರೆ ಮನಸ್ಸೊಂದು ಇದೆಯೆಂದು ಯಾರೂ ಸಾಧಿಸಲಾರರು ಎಂಬುದು ಪ್ರಬಂಧದ ವಾದ. ಅದನ್ನು ಪರೀಕ್ಷಕರು ಒಪ್ಪಿದರೆ ಸಂಜೆಯೊಳಗೆ ಅವನು ಡಾಕ್ಟರ್.

ಬೆಳಿಗ್ಗೆ ಕಾರಿನ ಗಾಜಿನಿಂದ ಹಿಮ ಕೆರೆದವಳು ಮೇವಿಸ್. ಅವನ ಅಂಗಿಗೆ ಇಸ್ತ್ರಿ ಹಾಕಿದವಳು, ಪರೀಕ್ಷಕರು ಈಗ ಚಪ್ಪರಿಸುತ್ತಿರುವ ಡೋನಟ್ ತಂದವಳೂ ಅವಳೇ. ಆರು ವರ್ಷದಿಂದ ಇಬ್ಬರದೂ ಒಂದೇ ಮನೆ. ಒಂದು ಕಾಲಕ್ಕೆ ಅವಳೂ ಇದೇ ವಿಭಾಗದಲ್ಲಿದ್ದಳು. ಅಮ್ಮನಿಗೆ ಪಾರ್ಶ್ವವಾಯು ಬಡಿದಾಗ ಓದು ಬಿಟ್ಟಳು. ಇಲ್ಲಿ ಯಾರಿಗೂ ಅದು ನೆನಪಿದ್ದಂತಿರಲಿಲ್ಲ.

"ಹಿಂದೆ ಸುಮ್ನೆ ಕೂತಿರು. ನೀನಿದ್ರೆ ಧೈರ್ಯ," ಎಂದಿದ್ದ ಗ್ರೇಡನ್.

ಪ್ರಶ್ನೆ ಬಿದ್ದಾಗಲೆಲ್ಲ ಅವನ ಕಣ್ಣು ಕೊನೆಯ ಸಾಲಿಗೆ ಓಡುತ್ತಿತ್ತು. ಅವನು ವಾಕ್ಯ ಮುಗಿಸುವ ಮೊದಲೇ ಅವಳ ತುಟಿ ಅದನ್ನು ಮುಗಿಸಿರುತ್ತಿತ್ತು.

ತಾನೂ ಇದ್ದೇನೆ ಎಂಬುದು ನಾಲ್ಕು ಜನರೆದುರು ಒಮ್ಮೆ ಅವನ ಬಾಯಿಂದ ಬಂದಿದ್ದರೆ ಸಾಕಿತ್ತು ಅವಳಿಗೆ. ಬಂದದ್ದು ಆ ಕುಚೋದ್ಯ.

"ಸಭಿಕರು ಏನಾದ್ರೂ ಕೇಳೋದಿದ್ಯಾ?" ಕೊವಾಲ್ಚುಕ್ ಪದ್ಧತಿಯಂತೆ ವಿಚಾರಿಸಿದರು. ಯಾರೂ ಕೇಳುವುದಿಲ್ಲ, ಅದೂ ಪದ್ಧತಿಯೇ.

ಮೇವಿಸ್ ಎದ್ದಳು.

"ಗ್ರೇಡನ್ ಅವರೇ, ಮಾತು ಕಲಿಸೋಕೆ ಇನ್ನೊಬ್ರು ಬೇಕಲ್ವಾ? ಒಂಟಿ ಮನಸ್ಸಿಗೆ ಭಾಷೆ ಎಲ್ಲಿಂದ ಬಂತು?"

ಅವನು ನಕ್ಕ. "ಮೂರನೇ ಅಧ್ಯಾಯದಲ್ಲಿ ಉತ್ತರ ಇದೆ." ಪುಟ ತಿರುವತೊಡಗಿದ.

"ಪ್ರಬಂಧ ಮುಚ್ಚಿ ಹೇಳಿ. ಇರೋದು ನಿಮ್ಮ ತಲೆ ಒಂದೇ ಅಲ್ವಾ? ಅಲ್ಲೇ ಸಿಗ್ಬೇಕು."

ಯಾರೋ ಕಿಸಕ್ಕೆಂದರು. ಅವನು ಪ್ರಬಂಧ ಮುಚ್ಚಿದ. ಅವನು ಅವಳ ತುಟಿಗಳನ್ನೇ ನೋಡಿದ. ಈ ಸಲ ಅವು ಅಲುಗಲಿಲ್ಲ.

ಗ್ರೇಡನ್‌ಗೆ ರೇಗಿತು. ಎದುರಿಗೆ ಪರೀಕ್ಷಕರಿರುವುದು ಮರೆತೇ ಹೋಯಿತು. ಮನೆಯಲ್ಲಿ ಅಡುಗೆ ಮೇಜಿನ ಮುಂದೆ ಕೂತು ಗದರುವ ದನಿಯಲ್ಲೇ ಕೇಳಿಬಿಟ್ಟ:

"ಥೂ, ಆಟ ಆಡ್ಬೇಡ ಮೇವಿಸ್, ಮೂರನೇ ಅಧ್ಯಾಯದಲ್ಲಿ ನೀನು ಏನಂತ ಬರೆದಿದ್ದೆ ಹೇಳು!"