ಎಲ್ಲೋ ಇರುವ ಸಂಬಂಧಿಕರು

ಐಸಿಯು ಬಾಗಿಲಲ್ಲಿ ನಿಂತು ಕಾಶವ್ವ ಗಂಡ ದ್ಯಾಮಣ್ಣನ ಜನ್ಮಸಂಖ್ಯೆಯನ್ನು ಬಾಯಿಪಾಠ ಒಪ್ಪಿಸಿದಳು. ಒಂದು ಉಸಿರಿಗೆ ಮುಗಿಯದ ಸಂಖ್ಯೆ. ಒಂದು ಅಂಕಿಯೂ ತಪ್ಪಲಿಲ್ಲ. ಒಳಗೆ ಸಂಬಂಧಿಕರಿಗೆ ಮಾತ್ರ ಪ್ರವೇಶ. ನರ್ಸ್ ಶಶಿಕಲಾ ಅದನ್ನು ಕಾಶವ್ವನ ಸಂಖ್ಯೆಯ ಜೊತೆ ಯಂತ್ರಕ್ಕೆ ಹಾಕಿದಳು.

ಒಂದನ್ನು ಬಿಟ್ಟು ಬೇರೆ ಯಾವುದಾದರೂ ಒಂದೇ ಸಂಖ್ಯೆಯಿಂದ ಇಬ್ಬರ ಸಂಖ್ಯೆಗಳೂ ಭಾಗವಾದರೆ ಮಾತ್ರ ಅವರು ಸಂಬಂಧಿಕರು. ಒಂದು ಮತ್ತು ತಮ್ಮದೇ ಸಂಖ್ಯೆ ಬಿಟ್ಟು ಯಾವುದರಿಂದಲೂ ಭಾಗವಾಗದ ಅವಿಭಾಜ್ಯರು ಒಂಟಿಗಳು. ಅವರಿಗೆ ಮಾತ್ರ ಯಾರನ್ನಾದರೂ ಮದುವೆಯಾಗಿ ಸಂಬಂಧ ಪಡೆಯುವ ರಿಯಾಯಿತಿ; ಉಳಿದವರು ಸಂಬಂಧಿಕರನ್ನೇ ಮದುವೆಯಾಗಬೇಕು. ದ್ಯಾಮಣ್ಣ ಅವಿಭಾಜ್ಯನೆಂದೇ ಕಾಶವ್ವನನ್ನು ಕೊಟ್ಟಿದ್ದರು.

"ಅಮ್ಮಾರ, ಇವರು ಅವಿಭಾಜ್ಯ ಅಲ್ರಿ. ಭಾಗ ಹೋಗತೈತಿ. ಅಂದಮ್ಯಾಲೆ ಆ ರಿಯಾಯಿತಿ ಇಲ್ಲ. ನಿಮ್ಮ ಸಂಖ್ಯೆ ಇವರದಕ್ಕ ಕೂಡಂಗಿಲ್ಲ, ನಿಮ್ಮನ್ನ ಒಳಗ ಬಿಡಾಕ ಬರಂಗಿಲ್ಲ."

"ಹೆಂಗ ಹೋಗತೈತಿ ತಂಗಿ? ನಿಶ್ಚಯದ ದಿನ ಹಿರ್ಯಾರೆಲ್ಲ ಕುಂತು, ಪಡಸಾಲಿ ತುಂಬ ಸುಣ್ಣದ ಕಡ್ಡೀಲೆ ಬರದು ಭಾಗಿಸಿ ನೋಡ್ಯಾರ. ಸಾವಿರದ ತನಕ ಯಾವುದೂ ಹೋಗಲಿಲ್ಲ."

"ಸಾವಿರ ಆದಮ್ಯಾಲೆ?"

ಕಾಶವ್ವನ ದನಿ ಇಳಿಯಿತು. "ಹೋಳಿಗಿ ಆರತಾವಂತ ಊಟಕ್ಕ ಎದ್ರು." ಆಮೇಲೆ ಕೇಳಿದಳು, "ಯಾವುದರಿಂದ ಹೋಗತೈತಿ, ಅದನ್ನರ ಹೇಳು."

"ಅದು ಯಂತ್ರಕ್ಕೂ ಗೊತ್ತಿಲ್ರಿ. ಹೋಗತೈತಿ ಅನ್ನೂದಷ್ಟ ಗೊತ್ತು. ಅಂದ್ರ ಇವರಿಗೆ ಎಲ್ಲೋ ಸಂಬಂಧಿಕರು ಅದಾರ. ಅವರು ಬಂದ್ರ ಒಳಗ ಬಿಡತೀನಿ."

ಗಾಜಿನಾಚೆ ದ್ಯಾಮಣ್ಣ ಕಣ್ಣು ಮುಚ್ಚಿಕೊಂಡೇ ಹಾಸಿಗೆಯ ಅಂಚಿನಲ್ಲಿ ಕೈಯಾಡಿಸಿ ಏನನ್ನೋ ತಡಕಾಡುತ್ತಿದ್ದ. ಕಾಶವ್ವ ಸ್ವಲ್ಪ ಹೊತ್ತು ನೋಡಿದಳು. ಬಳಿಕ ಬೆಂಚುಗಳ ಮೇಲೆ ಕುಳಿತಿದ್ದ ಅಪರಿಚಿತರ ಕಡೆ ತಿರುಗಿ, ಆ ಸಂಖ್ಯೆಯನ್ನು ಮೊದಲಿನಿಂದ ಗಟ್ಟಿಯಾಗಿ ಹೇಳಿ ಮುಗಿಸಿದಳು.

"ಯಾರದರ ಇದಕ್ಕ ಕೂಡತೈತೇನ್ರೀ? ಕೂಡಿದ್ರ ಒಳಗ ಹೋಗಿ ಆ ಕೈ ಹಿಡ್ಕೋರಿ."