ಹೊರಗಿನವಳ ನಾಲಿಗೆ

“ಸುಳ್ಳು! ಎಲೆ ಅದಲುಬದಲಾಗಿದೆ!” ಎಂದು ಕ್ರಿಸ್ಪಿನ್ ಪ್ರಯೋಗಾಲಯದ ಪತ್ರವನ್ನು ಮೇಜಿನ ಮೇಲೆ ಕುಕ್ಕಿದ. ಸೊಸೆ ನಿಯೆವೆಸ್ ಕೈ ಒರೆಸಿಕೊಂಡು ಬಂದು ಅದನ್ನೆತ್ತಿ ಇನ್ನೊಮ್ಮೆ ಓದಿದಳು, ಈ ಸಲ ಗಟ್ಟಿಯಾಗಿ. ಅಂಗಳದ ದ್ರಾಕ್ಷಿ ಬಳ್ಳಿ ಗೆತಾರಿಯಾ ಊರಿನ ನೆಲದ್ದೇ ಆದ ಒಂದಾರಾಬಿ ಸೂರಿ ತಳಿ ಅಲ್ಲವೇ ಅಲ್ಲ. ಅದು ನೋವಾ, ಅಮೆರಿಕದಿಂದ ಬಂದ, ಹಣ್ಣಿಗೆ ಒಂಥರಾ ಪ್ರಾಣಿ ನಾತವಿರುವ ಬೆರಕೆ ತಳಿ. ಅದರ ಹಣ್ಣು ಬೆರೆತ ವೈನಿಗೆ, ಈ ಸೀಮೆಯ ಬಿಳಿ ವೈನಿಗಷ್ಟೇ ಸಲ್ಲುವ ಚಾಕೊಲಿ ಎಂಬ ಹೆಸರು ಸಿಗುವುದಿಲ್ಲ.

ಎಲೆ ಕಳಿಸಿದವನು ಬೇರೆ ಯಾರೂ ಅಲ್ಲ, ಕ್ರಿಸ್ಪಿನ್ನೇ. ಊರಿಗೇ ಹಳೆಯ ಬಳ್ಳಿ ತನ್ನದೆಂದು ಪ್ರಮಾಣಪತ್ರ ತರಿಸಿ ಬಾಗಿಲ ಮೇಲೆ ತೂಗುಹಾಕುವ ಚಪಲ. ಚೌಕಟ್ಟು ಕೂಡ ಮೊದಲೇ ಮಾಡಿಸಿಟ್ಟಿದ್ದ, ಪುಣ್ಯಾತ್ಮ!

ಹನ್ನೆರಡು ವರ್ಷದ ಹಿಂದೆ, ಮದುವೆಯಾಗಿ ಬಂದ ಹೊಸದರಲ್ಲಿ, ನಿಯೆವೆಸ್ ಇದೇ ಮೇಜಿನಲ್ಲಿ ಒಂದು ಗುಟುಕು ಕುಡಿದು, “ಮಾವ, ಇದರಲ್ಲಿ ಒದ್ದೆ ನಾಯಿ ನಾತ ಬರ್ತಾ ಇದೆಯಲ್ಲ?” ಎಂದಿದ್ದಳು. “ಕೆಂಪು ವೈನಿನ ಸೀಮೆ ರಿಯೋಹಾದಿಂದ ಬಂದವಳು ನೋಡ್ರಪ್ಪಾ! ಕೆಂಪು ನೀರು ಕುಡಿದು ಬೆಳೆದ ನಾಲಿಗೆ! ಹೊರಗಿನವಳಿಗೆ ಸೈಡರೇ ಸಾಕು,” ಎಂದು ಅವನು ನೆಂಟರನ್ನೆಲ್ಲ ನಗಿಸಿದ. ಗಂಡನೂ ನಕ್ಕ. ಅಂದಿನಿಂದ ಪ್ರತಿ ಸಂತ ಆಂಟನ್ ಹಬ್ಬದಲ್ಲಿ ಎಲ್ಲರ ಲೋಟಕ್ಕೂ ಹೊಸ ಚಾಕೊಲಿ ಎತ್ತರದಿಂದ ನೊರೆನೊರೆಯಾಗಿ ಬೀಳುವಾಗ, ಅವಳ ಲೋಟಕ್ಕೆ ಮಾತ್ರ ಸೇಬಿನ ಸೈಡರ್. ಆ ಅವಮಾನವನ್ನು ಅವಳು ಒಂದು ವರ್ಷವೂ ಮರೆತಿರಲಿಲ್ಲ.

“ನಾಲ್ಕು ಗಂಟೆಗೆ ಚಾಕೊಲಿ ಮೊಹರು ಹಾಕೋ ರುಚಿ ಪರೀಕ್ಷೆಯವರು ಬರ್ತಾರಪ್ಪಾ,” ಎಂದ ಗಂಡ ಕೆಪಾ, ಮುಖ ಬಿಳಿಚಿಕೊಂಡು. “ತೋಟದ ಹಣ್ಣಿನ ಜೊತೆ ಅಂಗಳದ ಹಣ್ಣು ಯಾವ ಪೀಪಾಯಿಗೆ ಬಿತ್ತೋ ಯಾರಿಗೆ ನೆನಪಿದೆ? ಒಂದರಲ್ಲಿ ಸಿಕ್ಕಿಬಿದ್ದರೂ ಏಳಕ್ಕೆ ಏಳೂ ಹೋಯ್ತು. ವರ್ಷದ ದುಡಿಮೆ ಮಣ್ಣುಪಾಲು!”

ಮೂವರೂ ನೆಲಮಾಳಿಗೆಗೆ ಇಳಿದರು. ಅಪ್ಪ ಮಗ ಪೀಪಾಯಿಯಿಂದ ಪೀಪಾಯಿಗೆ ಓಡಾಡಿ ಮೂಸಿದರು, ಹೀರಿದರು, ಉಗುಳಿದರು. “ಚೆನ್ನಾಗೇ ಇದೆಯಲ್ಲೋ!” ಏಳಕ್ಕೂ ಅದೇ ಮಾತು. ಮೂರೂವರೆ ಹೊಡೆಯಿತು. ಕ್ರಿಸ್ಪಿನ್ ಒಂದು ಲೋಟವನ್ನು ಅಂಗಿಯ ತುದಿಯಿಂದ ಒರೆಸಿ ಸೊಸೆಯ ಮುಂದೆ ಹಿಡಿದ.

“ನೀನೊಂದ್ಸಲ ನೋಡು, ತಾಯಿ.”

ತಾಯಿಯಂತೆ! “ನಾನಾ? ಹೊರಗಿನವಳ ನಾಲಿಗೆಗೆ ಏನು ಗೊತ್ತಾಗುತ್ತೆ, ಮಾವ?”

“ಈಗ ಅದೆಲ್ಲ ಯಾಕೆ...” ಅವನ ಮುಖ ಹುಳ್ಳಗಾಯಿತು.

ಸುಮ್ಮನೆ ಮೆಟ್ಟಿಲು ಹತ್ತಿ ಹೋಗಿಬಿಡಬೇಕೆನ್ನಿಸಿತು ಅವಳಿಗೆ. ಆದರೆ ಆ ಹಣ್ಣು ಕೊಯ್ದು ನೋವುಂಡದ್ದು ಅವಳ ಬೆನ್ನೂ ಹೌದು. ಒಂದೊಂದೇ ಪೀಪಾಯಿಯ ವೈನನ್ನು ಬಾಯಲ್ಲಾಡಿಸಿ, ಸೀಮೆಸುಣ್ಣದಲ್ಲಿ ಮೂರನೆಯದಕ್ಕೂ ಆರನೆಯದಕ್ಕೂ ಗೀಟೆಳೆದಳು.

ಕ್ರಿಸ್ಪಿನ್ ಮೂರನೆಯದಕ್ಕೆ ಮೂಗಿಟ್ಟು ಎರಡು ಸಲ ಎಳೆದ. “ನಂಗೆ ಯಾವ ನಾತವೂ ಬರ್ತಾ ಇಲ್ವಲ್ಲೇ?”

“ಹೇಗೆ ಬರುತ್ತೆ? ತೊಟ್ಟಿಲಲ್ಲಿದ್ದಾಗಿನಿಂದ ಆ ನಾತದಲ್ಲೇ ಇದ್ದೀರಲ್ಲ.”

ಆ ಎರಡನ್ನು ಮನೆ ಬಳಕೆಗೆಂದು ಪಕ್ಕಕ್ಕಿಟ್ಟರು. ಪರೀಕ್ಷೆಯವರು ಬಂದು ಉಳಿದ ಐದರ ರುಚಿ ನೋಡಿ, ತಲೆದೂಗಿ, ಮೊಹರು ಹಾಕಿ ಹೋದರು.

ಹಬ್ಬದ ದಿನ ನೆಂಟರು ಕೂಡುವ ಹೊತ್ತಿಗೆ ಕ್ರಿಸ್ಪಿನ್‌ನ ಮೀಸೆ ಮತ್ತೆ ಮೇಲೆದ್ದಿತ್ತು. ಮೂರನೆಯ ಪೀಪಾಯಿಯಿಂದಲೇ ಸೀಸೆ ತುಂಬಿಸಿ ತಂದ. “ಮನೆ ಬಳ್ಳೀದು, ಚೆಲ್ಲೋಕಾಗುತ್ತಾ? ಈ ಸಲ ಮೊದಲ ಲೋಟ ನಮ್ಮ ಸೊಸೆಗೆ!” ಎಂದು ಸೀಸೆಯನ್ನು ತಲೆಗಿಂತ ಮೇಲೆತ್ತಿದ.

ನಿಯೆವೆಸ್ ಲೋಟದ ಬಾಯಿಗೆ ಅಂಗೈ ಮುಚ್ಚಿದಳು.

“ಬೇಡ ಮಾವ. ಹೊರಗಿನವಳಿಗೆ ಸೈಡರೇ ಸಾಕು.”