ಹಡಗಿನ ನೀಲಿ

ಧೂಳು ಹೊಡೆಯುವಾಗ ಗಂಡನ ಪುಟ್ಟ ಮಾದರಿ ವಿಮಾನ ಬಿದ್ದು ರೆಕ್ಕೆ ಮುರಿಯಿತು. ಪಂಕಜಾಕ್ಷಿ ಹೇಗೋ ಅಂಟಿಸಿದಳು. ಅವನು ಬರುವುದರೊಳಗೆ ಬಣ್ಣವೂ ಆಗಬೇಕಲ್ಲ! ಅವನು ಯಾವಾಗಲೂ ಬಣ್ಣ ಕೊಳ್ಳುವ ಅಂಗಡಿಗೇ ಓಡಿದಳು.

“ನಮ್ಮ ಮನೆಯವರ ವಿಮಾನದ ರೆಕ್ಕೆಗೆ ಬೇಗ ಒಂದು ಹಸಿರು ಬಣ್ಣ ಕೊಡಿ.”

“ಮೊದಲು ಬೂದು ಪ್ರೈಮರ್ ಹೊಡೀರಿ ಅಕ್ಕಾ. ಇಲ್ದಿದ್ರೆ ಪ್ಲಾಸ್ಟಿಕ್ ಮೇಲೆ ಬಣ್ಣ ನಿಲ್ಲಲ್ಲ, ಸಿಪ್ಪೆ ಥರ ಏಳತ್ತೆ.”

“ಪ್ರೈಮರ್ ಗೀಮರ್ ಏನೂ ಬೇಡ. ಹೋದ ವರ್ಷ ಅವರ ಹಡಗನ್ನೂ ಬೀಳಿಸಿದ್ದೆ. ಕೈಗೆ ಸಿಕ್ಕಿದ ನೀಲಿ ಬಳಿದೆ. ಇವತ್ತಿಗೂ ಎದ್ದಿಲ್ಲ, ಅವರಿಗೆ ಗೊತ್ತೂ ಆಗಿಲ್ಲ!”

ಅಂಗಡಿಯವನು ನಕ್ಕುಬಿಟ್ಟ.

“ವಾರಕ್ಕೇ ಎದ್ದಿತ್ತು ಅಕ್ಕಾ. ನಿಮ್ಮೆಜಮಾನ್ರು ಇಲ್ಲಿಗೆ ತಂದು, ಎಲ್ಲಾ ಕೆರೆದು, ಪ್ರೈಮರ್ ಹೊಡೆದು, ನಿಮ್ಮ ಆ ತಪ್ಪು ನೀಲೀನೇ ಮತ್ತೆ ಬಳ್ಕೊಂಡು ಹೋದ್ರು.”